ರೊಟ್ಟಿಯ ಮನೆಗೂ ನೀರಿನ ಮನೆಗೂ ನಡುವಿನ ಗೋಡೆ

ಇಂದ,
ದುಂಡೇಶ ಸೋಮಪ್ಪ ಹುಣಶ್ಯಾಳ, ವಯಸ್ಸು 54,
ಉದ್ಯೋಗ: ಪಂಪ್‌ಸೆಟ್ ಮೋಟರ್ ರಿಪೇರಿ (ಅಂಗಡಿ ಘಟಪ್ರಭಾ ಸ್ಟೇಶನ್ ರಸ್ತೆಯಲ್ಲಿ),
ಮನೆ ನಂ. 112/ಬ, ಮೇಲಿನಹಟ್ಟಿ, ತಾ. ಮೂಡಲಗಿ, ಜಿ. ಬೆಳಗಾವಿ.

ಗೆ,
ಮಾನ್ಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯತಿ, ಮೇಲಿನಹಟ್ಟಿ.

ವಿಷಯ: ಮಹಾಪೂರದಲ್ಲಿ ಬಿದ್ದ ಗೋಡೆಗಳ ಪಟ್ಟಿಯಿಂದ ನಮ್ಮ ಗೋಡೆಯನ್ನು ಕೈಬಿಟ್ಟು, ಸದರಿ ಗೋಡೆಯಲ್ಲಿ ಈಗಾಗಲೇ ಇರುವ ಕಿಂಡಿಯನ್ನು ಬಾಗಿಲೆಂದು ಮಂಜೂರು ಮಾಡುವ ಕುರಿತು.

ಉಲ್ಲೇಖ: 1) ತಮ್ಮ ಕಾರ್ಯಾಲಯದ ಹಾನಿ ಪಟ್ಟಿ, ಅನುಕ್ರಮ ಸಂಖ್ಯೆ 17.
2) ಆರು ವರ್ಷದ ಹಿಂದೆ ಪಂಚರ ಸಮಕ್ಷಮ ಬರೆದ ಕರಾರು ಪತ್ರ.
3) ಈ ಹೊತ್ತು ಮುಂಜಾನೆ ಇಟ್ಟಿಗೆ ಸಮೇತ ನಮ್ಮ ಮನೆಗೆ ಬಂದಿರುವ ಗೌಂಡಿ ಮಾಲಿಂಗ.

ಮಾನ್ಯರೇ,

ಮೇಲಿನ ಉಲ್ಲೇಖ 3ರಲ್ಲಿ ಹೇಳಿದ ಗೌಂಡಿ ಮಾಲಿಂಗ ಇಟ್ಟಿಗೆ ಇಳಿಸಿ, ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾನೆ. ಬಿದ್ದ ಗೋಡೆಯನ್ನು ಮತ್ತೆ ಕಟ್ಟಲು ಪಂಚಾಯತಿಯೇ ಕಳಿಸಿದೆ ಎನ್ನುತ್ತಾನೆ. ಅವನ ಚಹಾ ಮುಗಿಯುವುದರೊಳಗೆ ಈ ಅರ್ಜಿ ತಮ್ಮ ಟೇಬಲ್ಲಿಗೆ ಮುಟ್ಟಬೇಕಾದ ಕಾರಣ, ಅಕ್ಷರ ಸೊಟ್ಟಗಾಗಿದ್ದರೆ ಮನ್ನಿಸಬೇಕು. ಎರಡನೆಯ ಕಪ್ಪು ಕೊಡುವಂತೆ ಮನೆಯಲ್ಲಿ ಹೇಳಿದ್ದೇನೆ. ಸಂಗತಿ ಈ ಕೆಳಗಿನಂತೆ ಇರುತ್ತದೆ.

1. ಸದರಿ ಗೋಡೆಯ ಮೂಡಣಕ್ಕೆ ಅರ್ಜಿದಾರನಾದ ನಾನೂ, ಪಡುವಣಕ್ಕೆ ನನ್ನ ಒಡಹುಟ್ಟಿದ ಅಣ್ಣ ಬಸವಣ್ಣೆಪ್ಪ ಸೋಮಪ್ಪ ಹುಣಶ್ಯಾಳ (ವಯಸ್ಸು 61, ಕಬ್ಬು ಮತ್ತು ಜೋಳದ ರೈತ, ಬಿಪಿ ಇದೆ) ಇವರೂ ವಾಸವಾಗಿದ್ದೇವೆ. ಅಣ್ಣನ ಹೆಂಡತಿ ಅಕ್ಕವ್ವ, ನನ್ನ ಹೆಂಡತಿ ದಾನೇಶ್ವರಿ. ಇಬ್ಬರೂ ಹುಕ್ಕೇರಿಯ ಒಂದೇ ಮನೆಯ ಅಕ್ಕತಂಗಿಯರು. ಗೋಡೆಯನ್ನು ಕಟ್ಟಿದ್ದು ಅಣ್ಣತಮ್ಮಂದಿರ ನಡುವೆ ಆದ್ದರಿಂದ ಅಕ್ಕತಂಗಿಯರಿಗೆ ಅದು ಅನ್ವಯಿಸಲಿಲ್ಲ. ಅವರು ದಿನಕ್ಕೆ ಎರಡು ಸಲ ಓಣಿ ಸುತ್ತಿ ಹೋಗಿ ಮಾತಾಡಿ ಬರುತ್ತಿದ್ದರು.

2. ಗೋಡೆಗೆ ಕಾರಣ 2019ರ ಮಹಾಪೂರ. ಆಗ ಇಡೀ ಓಣಿಯ ಮಂದಿ ಕೈಗೆ ಸಿಕ್ಕಿದ್ದು ಹಿಡಿದು ಶಾಲೆ ಸೇರಿದ್ದೆವು. ಅಣ್ಣ ಒಂದು ಚೀಲ ಖಡಕ್ ರೊಟ್ಟಿ ತಂದಿದ್ದರು. ನಾನು ಗಿರಾಕಿಯೊಬ್ಬರ ಮೂರು ಎಚ್‌ಪಿ ಮೋಟರನ್ನು ಹೆಗಲ ಮೇಲೆ ಹೊತ್ತು ತಂದಿದ್ದೆ, ಅಂದೇ ರಿಪೇರಿ ಮಾಡಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಕಾರಣ.

"ಸುತ್ತೆಲ್ಲ ನೀರು ನಿಂತೈತಿ, ಇಂವ ನೀರು ಎತ್ತೂ ಮೋಟರ್ ಹೊತ್ಕೊಂಡು ಬಂದಾನ ನೋಡ್ರಿ," ಎಂದು ಅಣ್ಣ ಎಂಬತ್ತು ಮಂದಿಯ ಎದುರು ಹೇಳಿದರು. ಎಂಬತ್ತೂ ಮಂದಿ ನಕ್ಕರು.

ಅಷ್ಟರಲ್ಲಿ ಶಾಲೆಯಲ್ಲಿ ಕುಡಿಯುವ ನೀರು ತೀರಿತ್ತು. "ನಿನ್ನ ರೊಟ್ಟಿ ನುಂಗಾಕ ನೀರು ಎಲ್ಲೈತಿ? ಒಣಾ ಹಂಚು ತಿಂದಂಗ ಆಗಾಕತ್ತೈತಿ," ಎಂದು ನಾನೂ ಹೇಳಿದೆ. ಆಗಲೂ ಎಂಬತ್ತು ಮಂದಿ ನಕ್ಕರು.

ಹಸಿವೆ ದೊಡ್ಡದೆಂದು ಅವರು, ನೀರಡಿಕೆ ದೊಡ್ಡದೆಂದು ನಾನು, ಎರಡನೆಯ ಇಯತ್ತೆಯ ಗೋಡೆಗೆ ಬರೆದಿದ್ದ ಮಗ್ಗಿಯ ಕೆಳಗೆ ಮೂರು ದಿನ ಜಗಳಾಡಿದೆವು. ನಾಲ್ಕನೆಯ ದಿನದಿಂದ ಮಾತು ಬಿಟ್ಟೆವು. ಮನೆಗೆ ಮರಳಿದ ಮೇಲೆ ಅಂಗಳದ ನಡುವೆ ಗೋಡೆ ಎದ್ದಿತು. "ಸದರಿ ಗೋಡೆಯಲ್ಲಿ ಸೂಜಿ ಹಾಯುವಷ್ಟೂ ಕಿಂಡಿ ಇಡಕೂಡದು" ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿದ್ದು ನಾನೇ. ಗೋಡೆಯ ಮೇಲೆ ಬಾಟಲಿಯ ಚೂರು ನೆಡಿಸಿದ್ದೂ ನಾನೇ.

3. ತದನಂತರ ಇಬ್ಬರೂ ಮುಂದಿನ ಮಹಾಪೂರಕ್ಕೆ ತಯಾರಾದೆವು. ಅಣ್ಣ ಅಟ್ಟದ ತುಂಬ ಡಬ್ಬಿ ಇಟ್ಟರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅವಲಕ್ಕಿ, ಚುರುಮುರಿ, ಶಾವಿಗೆ, ಬೆಲ್ಲ. ನಾನು ಸಾವಿರ ಲೀಟರಿನ ಟಾಕಿ ಎರಡು, ನೀಲಿ ಬ್ಯಾರಲ್ ಒಂಬತ್ತು, ಅಲ್ಲದೆ ಅಸಂಖ್ಯ ಬಾಟಲಿಗಳನ್ನು ತುಂಬಿಸಿಟ್ಟೆ. ತುಂಬಿಸಿದ ತಾರೀಖು ಬರೆದ ಚೀಟಿ ಪ್ರತಿಯೊಂದಕ್ಕೂ ಇತ್ತು. ಬೇಳೆ ಕಾಳು ಇಡುವ ಕಟ್ಟೆಯ ಮೇಲೂ ಬಾಟಲಿ ಕೂತವು.

"ಈ ಮನ್ಯಾಗ ಈಸಬಹುದು, ಉಣ್ಣಾಕ ಆಗೂದಿಲ್ಲ," ಎಂದು ದಾನೇಶ್ವರಿ ಹೇಳಿದಳು. ಸದರಿ ಹೇಳಿಕೆಯನ್ನು ನಾನು ಆ ಕಾಲಕ್ಕೆ ಪರಿಗಣಿಸಲಿಲ್ಲ.

ಅಣ್ಣ ಒಂದು ಕೊಡ ನೀರು ಹೆಚ್ಚಿಗೆ ಇಡಲಿಲ್ಲ, ನಾನು ಒಂದು ರೊಟ್ಟಿ ಹೆಚ್ಚಿಗೆ ಇಡಲಿಲ್ಲ. ಇಟ್ಟರೆ ಇನ್ನೊಬ್ಬರು ಹೇಳಿದ್ದು ಖರೆ ಎಂದು ಒಪ್ಪಿದಂತಾಗುತ್ತಿತ್ತು.

4. ಈ ವರ್ಷದ ಶ್ರಾವಣದ ಕೊನೆಯ ಸೋಮವಾರ ಅಕ್ಕತಂಗಿಯರಿಬ್ಬರೂ ಹುಕ್ಕೇರಿಗೆ, ತವರಿನ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆ ಹೋದರು. ಅದೇ ಮಧ್ಯಾಹ್ನ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂತು. ನಮ್ಮಲ್ಲಿ ಹನಿ ಮಳೆಯಿರಲಿಲ್ಲ, ಚಲೋ ಬಿಸಿಲಿತ್ತು. ಸಂಜೆಯೊಳಗೆ ಸೇತುವೆ ಮುಳುಗಿತು, ಕರೆಂಟು ಹೋಯಿತು, ನಳ ಬಂದಾಯಿತು. ಪಂಚಾಯತಿ ಸಿಪಾಯಿ ಯಲ್ಲಾರಿ ಆಟೋದಲ್ಲಿ ಮೈಕು ಹಿಡಿದು ಓಣಿಗೆ ಬಂದ.

"ದುಂಡೇಶಣ್ಣಾ, ಎಲ್ಲಾರೂ ಸಾಲಿಗೆ ಹೊಂಟಾರ, ಬರ್ರಿ."

"ಅಂವ ಹೋದನೇನು?"

"ಅವರೂ ನಿಮ್ಮನ್ನ ಕೇಳಿದ್ರು."

"ಅಂವ ಹೋಗೂತನಕ ನಾ ಹೋಗಂಗಿಲ್ಲ. ನಂದು ತಯಾರಿ ಆಗೇತಿ."

"ಅವರೂ ಇದನ್ನ ಅಂದ್ರು," ಎಂದು ಯಲ್ಲಾರಿ ಮೈಕು ಬಂದ್ ಮಾಡದೆ ಹೇಳಿದ್ದರಿಂದ, ಈ ಸಂಭಾಷಣೆ ಇಡೀ ಊರಿಗೆ ಪ್ರಕಟವಾಯಿತು.

ಮಂಗಳವಾರ ಬೆಳಗಾಗುವುದರೊಳಗೆ ಓಣಿಯಲ್ಲಿ ಸೊಂಟಮಟ ನೀರು. ದಿಬ್ಬದ ಮೇಲಿನ ನಮ್ಮ ಎರಡು ಮನೆ ಮಾತ್ರ ನೀರು ತಾಕದೆ ಉಳಿದವು. ಅಣ್ಣ ಶ್ರಾವಣ ಸೋಮವಾರವೆಂದು ಕೊನೆಯ ಕೊಡವನ್ನೂ ತಲೆಯ ಮೇಲೆ ಸುರಿದುಕೊಂಡಿದ್ದರು. ದಾನೇಶ್ವರಿ ಎರಡು ದಿನಕ್ಕೆಂದು ಮಾಡಿಟ್ಟದ್ದನ್ನು ನಾನು ಸೋಮವಾರವೇ ಉಂಡಿದ್ದೆ. ಮನೆಯಲ್ಲಿ ಒಂದಿಷ್ಟು ಹಿಟ್ಟಿತ್ತು. ರೊಟ್ಟಿ ಬಡಿಯಲು ಕೂತೆ. ಹಿಟ್ಟೆಲ್ಲ ಮೊಣಕೈಗೆ ಮೆತ್ತಿಕೊಂಡ ಹೊತ್ತಿಗೆ ಗ್ಯಾಸು ತೀರಿತು.

5. ಹನ್ನೊಂದರ ಸುಮಾರಿಗೆ ಗೋಡೆಯಾಚೆಯಿಂದ ಮೊದಲ ಬಿಕ್ಕಳಿಕೆ ಕೇಳಿತು. ಖಡಕ್ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ನೀರಿಲ್ಲದೆ ತಿಂದವರಿಗೆ ಬರುವ ಬಿಕ್ಕಳಿಕೆ ಅದು. ನನಗೆ ಸಂತೋಷವಾಯಿತು. ಅರ್ಜಿಯಲ್ಲಿ ಸುಳ್ಳು ಬರೆಯಬಾರದೆಂಬ ಕಾರಣಕ್ಕೆ ಇದನ್ನು ಬರೆದಿದ್ದೇನೆ.

ನಾನು ಗೋಡೆಯ ಬುಡದಲ್ಲಿ ನಿಂತು, ಬಾಯಿ ತುಂಬ ನೀರು ಹಾಕಿಕೊಂಡು ಗುಳುಗುಳು ಮುಕ್ಕಳಿಸಿದೆ. ಕೂಡಲೇ ಆಚೆಯಿಂದ, ಗೋಡೆಗೆ ಬಾಯಿ ಹಚ್ಚಿದಷ್ಟು ಹತ್ತಿರದಲ್ಲಿ, ರೊಟ್ಟಿ ಕರುಮ್ ಕುರುಮ್ ಎಂದಿತು. ನಾನು ತಂಬಿಗೆಯಿಂದ ಬಕೆಟ್ಟಿಗೆ ಎತ್ತರದಿಂದ ನೀರು ಸುರಿದೆ. ಅವರು ಶೇಂಗಾ ಹುರಿದರು. ವಾಸನೆ ಗಾಜಿನ ಚೂರು ದಾಟಿ ಈಚೆ ಇಳಿಯಿತು. ಬೆಳಗಿನಿಂದ ನೀರನ್ನೇ ಕುಡಿದಿದ್ದ ನನ್ನ ಹೊಟ್ಟೆ, ನಡೆದರೆ ತುಂಬಿದ ಕೊಡದಂತೆ ಸಪ್ಪಳ ಮಾಡುತ್ತಿತ್ತು. ಈ ಪ್ರಕಾರ ಉಭಯ ಪಕ್ಷದವರು ಮಧ್ಯಾಹ್ನ ಎರಡರವರೆಗೆ ಹಿಂದೆ ಸರಿಯಲಿಲ್ಲ.

6. ಎರಡಕ್ಕೆ ಹುಕ್ಕೇರಿಯಿಂದ ಅಕ್ಕವ್ವ ವೈನಿ ನನಗೆ ಫೋನ್ ಮಾಡಿದರು.

"ದುಂಡೇಶಪ್ಪಾ, ಅವರ ಫೋನ್ ಹತ್ತವಲ್ದು. ಬಿಪಿ ಗುಳಿಗಿ ತಗೊಂಡಾರೇನು ಕೇಳ."

"ನಮ್ಮಿಬ್ಬರದು ಮಾತು ಬಂದ್ ಐತ್ರಿ, ವೈನಿ."

"ಮಾತು ಬಂದ್ ಇರಲಿ. ನಿನ್ನ ಬ್ಯಾರಲ್ಲೂ ಬಂದ್ ಅದಾವೇನು?"

ಅಷ್ಟರಲ್ಲಿ ಆ ಕಡೆ ದಾನೇಶ್ವರಿ ಫೋನ್ ಕಸಿದುಕೊಂಡಳು. "ಭಾವಾರಿಗೆ ಒಂದು ತಂಬಿಗಿ ನೀರು ಕೊಡಲಿಲ್ಲಂದ್ರ, ಹೊಳಿ ಇಳಿದ್ರೂ ನಾ ಊರಿಗೆ ಬರಂಗಿಲ್ಲ," ಎಂದಷ್ಟೇ ಹೇಳಿದಳು. ನನ್ನ ಬ್ಯಾಟರಿಯೂ ಅಷ್ಟಕ್ಕೇ ತೀರಿತು.

7. ಆಗ ಗಮನಕ್ಕೆ ಬಂದದ್ದೇನೆಂದರೆ, ಬಿಕ್ಕಳಿಕೆ ನಿಂತಿತ್ತು. ರೊಟ್ಟಿಯ ಸಪ್ಪಳವೂ ಇರಲಿಲ್ಲ. ನಾನು ಒಮ್ಮೆ ಮುಕ್ಕಳಿಸಿ ನೋಡಿದೆ. ಉತ್ತರ ಬರಲಿಲ್ಲ. ನೀರು ಸುರಿದು ನೋಡಿದೆ. ಉತ್ತರ ಬರಲಿಲ್ಲ. ಕಡೆಗೆ "ಅಣ್ಣಾ" ಎಂದೆ. ಆರು ವರ್ಷದ ಮೇಲೆ ಹೊರಬಿದ್ದ ಆ ಮಾತು ಬೇರೆ ಯಾರದೋ ದನಿಯಂತೆ ಕೇಳಿತು.

"ಅಣ್ಣಾ, ಗುಳಿಗಿ ತಗೊಂಡಿ?"

ಗೋಡೆಯಾಚೆ ಏನೂ ಇಲ್ಲ. ಹತ್ತೋಣವೆಂದರೆ ನಾನೇ ನೆಡಿಸಿದ ಗಾಜು. ಓಣಿ ಬಳಸಿ ಹೋಗೋಣವೆಂದರೆ ನೀರು ಸೆಳೆಯುತ್ತಿತ್ತು, ಮತ್ತು ನೀರಿನ ಬಗ್ಗೆ ಇಷ್ಟು ಮಾತಾಡುವ ನನಗೆ ಈಜು ಬರುವುದಿಲ್ಲ. ಆದ್ದರಿಂದ ಹಾರೆ ತೆಗೆದುಕೊಂಡೆ.

ಗೋಡೆ ಬಹಳ ಗಟ್ಟಿಯಾಗಿತ್ತು. ಸಿಮೆಂಟು ಹೆಚ್ಚು ಹಾಕಿಸಿದ್ದೂ ನಾನೇ. ಏಟಿಗೊಮ್ಮೆ "ಅಣ್ಣಾ" ಎಂದು ಕೂಗುತ್ತ ಹೊಡೆದೆ. ಇವರಿಗೆ ಏನಾದರೂ ಆಗಿದ್ದರೆ ಇನ್ನು ಮುಂದೆ ನಾನು ಯಾರ ಮೇಲೆ ಸಿಟ್ಟು ಮಾಡಬೇಕು ಎಂಬ ವಿಚಾರ ಬಂದು ಇನ್ನೂ ಜೋರಾಗಿ ಹೊಡೆದೆ. ಕೊನೆಗೆ ಒಂದು ಇಟ್ಟಿಗೆ ಆಚೆ ಬಿದ್ದಿತು. ಕಿಂಡಿಯಲ್ಲಿ ಒಂದು ಕಣ್ಣು ಕಂಡಿತು.

"ಗ್ವಾಡಿ ಯಾಕ ಒಡ್ಯಾಕತ್ತಿ?" ಎಂದರು ಅಣ್ಣ.

"ನೀ ಯಾಕ ಮಾತಾಡಲಿಲ್ಲ?"

"ಬಿಕ್ಕ ನಿಲ್ಲಲಿ ಅಂತ ಉಸಿರು ಹಿಡಿದು ನೂರು ಎಣಿಸಾಕತ್ತಿದ್ದೆ. ಅರವತ್ತಕ್ಕ ಬಂದಿದ್ದೆ, ನೀ ಅಣ್ಣಾ ಅಂದಿ. ಗಾಬರಿ ಆತು. ಬಿಕ್ಕ ಅಲ್ಲೇ ನಿಂತ್ವು."

"ನಿಂತ ಮ್ಯಾಲೆರ ಓ ಅನ್ನಬೇಕಿಲ್ಲೋ?"

"ಇನ್ನೊಮ್ಮಿ ಅಂತಿಯೇನೋ ಅಂತ ಕೇಳ್ಕೋತ ನಿಂತಿದ್ದೆ."

ಆಮೇಲೆ ಅವರು, "ಮೊದಲ ಮಾತಾಡಿದಂವ ನೀನ. ಇದನ್ನ ಎಲ್ಲೆರ ಬರದಿಡು," ಎಂದರು. ಅದರಂತೆ ಇಲ್ಲಿ ಬರೆದಿಟ್ಟಿದ್ದೇನೆ.

8. ಸದರಿ ಕಿಂಡಿ ಮೂರು ಹಂತಗಳಲ್ಲಿ ಈಗಿನ ಅಳತೆಗೆ ಬಂದಿರುತ್ತದೆ. ಮೊದಲನೆಯದಾಗಿ ನೀರಿನ ತಂಬಿಗೆ ಹಾಯುವಷ್ಟು ಒಡೆದೆವು. ಅಣ್ಣ ಗುಳಿಗೆ ನುಂಗಿ, ಮೇಲೆ ಎರಡು ತಂಬಿಗೆ ಕುಡಿದು, ಅದೇ ತಂಬಿಗೆಯಲ್ಲಿ ನನಗೆ ಶೇಂಗಾ ಚಟ್ನಿ ತುಂಬಿ ಕೊಟ್ಟರು. ಎರಡನೆಯದಾಗಿ, ರೊಟ್ಟಿ ಆ ಕಿಂಡಿಯಲ್ಲಿ ಹಾಯದೆ ಮುರಿದು ಪುಡಿಯಾಗುತ್ತಿದ್ದ ಕಾರಣ, ರೊಟ್ಟಿಯ ಅಳತೆಗೆ ಒಡೆದೆವು. ಈ ಬಾರಿ ಅವರು ಆಚೆಯಿಂದ ಗುದ್ದಲಿ ಹಾಕಿದರು. ನಾನು ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಏಳು ರೊಟ್ಟಿ ತಿಂದೆ.

"ಅಲ್ಲಿ ಕೂತು ತಿನ್ನೂದೇನು, ನಾಯಿಗೆ ಹಾಕಿದಂಗ ಆಗಾಕತ್ತೈತಿ. ಈಕಡೆ ಬಾ," ಎಂದರು.

"ನೀನ ಬಾ. ನನ್ನ ಕೈ ಸೋತಾವ."

ಮೂರನೆಯದಾಗಿ, ಅವರು ಬರುವಷ್ಟು ಒಡೆದೆವು. ಅಣ್ಣ ಇತ್ತೀಚೆಗೆ ದಪ್ಪಗಾಗಿದ್ದಾರೆ. ಆರು ವರ್ಷದಿಂದ ಅವರನ್ನು ನೆಟ್ಟಗೆ ನೋಡದ ಕಾರಣ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಹೊಟ್ಟೆಯ ಹತ್ತಿರ ಸಿಕ್ಕಿಕೊಂಡರು. ಅವರು ನಕ್ಕರೆ ಹೊಟ್ಟೆ ಇನ್ನಷ್ಟು ಬಿಗಿಯುತ್ತಿತ್ತು, ಬಿಗಿದಷ್ಟೂ ನಗು ಬರುತ್ತಿತ್ತು, ಎಳೆಯಬೇಕಾದ ನಾನು ನೆಲಕ್ಕೆ ಕೂತುಬಿಟ್ಟಿದ್ದೆ. ಹೊರಗೆ ಬರಲು ಅರ್ಧ ತಾಸು ಹಿಡಿಯಿತು.

9. ಬುಧವಾರ ಅವರ ಶಾವಿಗೆ, ನನ್ನ ನೀರು, ಅವರ ಒಲೆ. ಎರಡು ಕಿಲೋ ಶಾವಿಗೆಯನ್ನು ಒಮ್ಮೆಗೇ ಹಾಕಿದೆವು. ಕುದಿಯುವಾಗ ಶಾವಿಗೆ ಉಬ್ಬುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಂದು ಪಾತೇಲಿ ತುಂಬಿ ಇನ್ನೊಂದಕ್ಕೆ ಹೋಯಿತು, ಅದೂ ತುಂಬಿ ನನ್ನ ಬಕೆಟ್ಟಿಗೆ ಬಂತು. ಆ ಹೊತ್ತಿಗೆ ಯಲ್ಲಾರಿ ಬೋಟಿನವರಿಬ್ಬರನ್ನು ಕರೆದುಕೊಂಡು ನಮ್ಮನ್ನು ರಕ್ಷಿಸಲು ಬಂದ. ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವರನ್ನೇ ಕೂಡಿಸಿ ಬೆಲ್ಲದ ಶಾವಿಗೆ ಬಡಿಸಿದೆವು.

ಶಾಲೆಯಲ್ಲಿ ಈ ಸಲವೂ ಕುಡಿಯುವ ನೀರು ತೀರಿದೆ, ಅಕ್ಕಿಯ ಗಾಡಿ ಸೇತುವೆ ಆಚೆ ನಿಂತಿದೆ ಎಂದು ಯಲ್ಲಾರಿ ಹೇಳಿದ. ಅಣ್ಣ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೋಟಿಗೆ ಮೂರು ಬ್ಯಾರಲ್ಲು, ಹನ್ನೊಂದು ಡಬ್ಬಿ ಏರಿಸಿದೆವು. ಆ ಮೇಲೆ ನಮಗೆ ಜಾಗ ಉಳಿಯಲಿಲ್ಲ. ನಾಳೆ ಬಂದು ರಕ್ಷಿಸುವುದಾಗಿ ಹೇಳಿ ಹೋದರು. ಮರುದಿನ ಬಂದು ಮತ್ತೆ ಮೂರು ಬ್ಯಾರಲ್ ಒಯ್ದರು. ಈ ಪ್ರಕಾರ ಹೊಳೆ ಇಳಿಯುವ ತನಕ ನಮ್ಮ ರಕ್ಷಣೆ ನಡೆದೇ ಇತ್ತು.

"ಮಂದಿ ಬದುಕಿದ್ದು ಯಾತರಿಂದ?" ಎಂದು ಅಣ್ಣ ಒಮ್ಮೆ ಕೇಳಿದರು. ನೀರಿನಿಂದ ಎಂದು ನಾನು ಹೇಳಿದೆ. ಈ ಬಗ್ಗೆ ತಕರಾರು ಇನ್ನೂ ಬಾಕಿ ಇರುತ್ತದೆ.

10. ಯಲ್ಲಾರಿ ಶಾವಿಗೆ ಉಣ್ಣುತ್ತ ಕಿಂಡಿ ನೋಡಿ, ತನ್ನ ವಹಿಯಲ್ಲಿ "ಗೋಡೆ ಕುಸಿತ" ಎಂದು ಬರೆದುಕೊಂಡಿದ್ದಾನೆ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾನೆ. ಆದರೆ ಗೋಡೆ ಕುಸಿದಿಲ್ಲ, ಮಾಲೀಕರೇ ಕೆಡವಿದ್ದಾರೆ. ಹೊಳೆ ಅದರ ಬುಡವನ್ನೂ ಮುಟ್ಟಿಲ್ಲ. ಮಾಡದ ತಪ್ಪನ್ನು ಹೊಳೆಯ ಮೇಲೆ ಹಾಕುವುದು ಸರಿಯಲ್ಲ.

11. ಶನಿವಾರ ಅಕ್ಕತಂಗಿಯರು ಬಂದರು. ನಾವಿಬ್ಬರೂ ಏನು ಹೇಳಬೇಕೆಂದು ಬಹಳ ತಯಾರಿ ಮಾಡಿಕೊಂಡಿದ್ದೆವು. ದಾನೇಶ್ವರಿ ಕೈಚೀಲ ಇಟ್ಟು, ಕಿಂಡಿಯನ್ನು ಮೇಲೆ ಕೆಳಗೆ ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರೊಳಗಿಂದಲೇ ಅಕ್ಕನ ಅಡುಗೆಮನೆಗೆ ನಡೆದಳು. "ಓಣಿ ಸುತ್ತಿ ಸುತ್ತಿ ಮೊಣಕಾಲು ಹೋಗಿದ್ವು," ಎಂಬುದು ಆಚೆಯಿಂದ ಕೇಳಿತು. ವೈನಿ ಹೇಳಿದ್ದು ಒಂದೇ. "ಆರು ವರ್ಷದ ಕೆಲಸಕ್ಕ ಒಂದು ಮಧ್ಯಾಹ್ನ ಸಾಕಾತು ನೋಡ, ದಾನವ್ವಾ."

ಕಾರಣ, ಈ ಎಲ್ಲ ಸಂಗತಿಗಳನ್ನು ಪರಿಶೀಲಿಸಿ, ಅನುಕ್ರಮ ಸಂಖ್ಯೆ 17ನ್ನು ಪಟ್ಟಿಯಿಂದ ತೆಗೆದು, ಕರಾರಿನ ಸೂಜಿಯ ಷರತ್ತನ್ನು ರದ್ದುಪಡಿಸಿ, ಬಾಗಿಲಿಗೆ ಪರವಾನಗಿ ಕೊಡಬೇಕೆಂದೂ, ಗೌಂಡಿ ಮಾಲಿಂಗನನ್ನು ನಿಜವಾಗಿ ಗೋಡೆ ಬಿದ್ದಿರುವ ನಮ್ಮ ಓಣಿಯ ಸತ್ತೆವ್ವನ ಮನೆಗೆ ಇಟ್ಟಿಗೆ ಸಮೇತ ಕಳಿಸಬೇಕೆಂದೂ ಕೋರುತ್ತೇನೆ. ಈಗ ಅವನು ಮೂರನೆಯ ಕಪ್ಪಿನಲ್ಲಿದ್ದಾನೆ.

ಇಟ್ಟಿಗೆಯ ರಾಶಿಯ ಮೇಲೆ ಕೂತು ಆದೇಶದ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
(ಸಹಿ) ದುಂಡೇಶ ಸೋ. ಹುಣಶ್ಯಾಳ

ಲಗತ್ತುಗಳು:
1. ಕಿಂಡಿಯ ಫೋಟೋ ಒಂದು. ಅಳತೆ ತಿಳಿಯಲೆಂದು ಅಣ್ಣನನ್ನು ಅದರಲ್ಲಿ ನಿಲ್ಲಿಸಲಾಗಿದೆ.
2. ಕರಾರು ಪತ್ರದ ನಕಲು.
3. ಅಣ್ಣನ ಒಪ್ಪಿಗೆ ಪತ್ರ, ಅವರದೇ ಅಕ್ಷರದಲ್ಲಿ: "ನಂದು ತಕರಾರು ಇಲ್ಲ. ಮೊದಲು ಮಾತಾಡಿದವರು ಯಾರು ಎಂಬುದನ್ನು ಅರ್ಜಿಯಲ್ಲಿ ಓದಿ ನೋಡಿ ಸಹಿ ಮಾಡಿದ್ದೇನೆ."

ವಿಶೇಷ ಸೂಚನೆ: ಬಾಗಿಲೆಂದ ಮೇಲೆ ಅದಕ್ಕೆ ಕದ ಇರಬೇಕೆಂದು ನಿಯಮವಿದೆ ಎಂದು ಮಾಲಿಂಗ ಹೇಳುತ್ತಾನೆ. ಆ ಕದದ ಚಿಲಕ ಯಾರ ಮನೆಯ ಕಡೆಗೆ ಇರಬೇಕೆಂಬ ಬಗ್ಗೆ ಅಣ್ಣನದೂ ನನ್ನದೂ ಅರ್ಧ ತಾಸಿನಿಂದ ದನಿ ಏರಿದೆ. ಆದ್ದರಿಂದ ದಯಮಾಡಿ ಕದವಿಲ್ಲದ ಬಾಗಿಲನ್ನು ಮಂಜೂರು ಮಾಡಬೇಕಾಗಿ ವಿನಂತಿ.