ಆಪತ್ತಿಗೆಂದು ಎತ್ತಿಟ್ಟ ರೊಟ್ಟಿ

ಯಾವ ವಸ್ತುವನ್ನಾದರೂ ಇವತ್ತೇ ಬಳಸಿಬಿಡುವುದೆಂದರೆ ನನಗೆ ಜೀವ ಹೋದಂತಾಗುತ್ತದೆ. ಮಳೆಗಾಲಕ್ಕೆಂದು ಕೊಂಡ ಕೊಡೆ ನೆನೆದೀತೆಂದು ಮನೆಯಲ್ಲೇ ಬಿಟ್ಟು, ಇಳಕಲ್ಲಿನ ಬಸ್‌ಸ್ಟ್ಯಾಂಡಿನಿಂದ ತೊಯ್ದುಕೊಂಡು ಬಂದವನು ನಾನು. ಹುನಗುಂದದ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಹಳೆಯ ಮಾಲು ಮೊದಲು ಹೊರಗೆ, ಹೊಸದು ಆಮೇಲೆ ಎಂಬ ನಿಯಮ ರಕ್ತದಲ್ಲೇ ಸೇರಿಹೋಗಿದೆ.

ಇಂಥವನ ಕೈಗೆ ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಯಾವುದೋ ದೇಶದವನೊಬ್ಬ ನೆಲಮಾಳಿಗೆಯ ತುಂಬ ಡಬ್ಬಿ ಜೋಡಿಸಿಟ್ಟು, ಇಪ್ಪತ್ತೈದು ವರ್ಷ ಕೆಡದ ಆಹಾರ ಇದು, ಆಪತ್ತಿಗೆ ಬೇಕಾಗುತ್ತದೆ ಎನ್ನುತ್ತಿದ್ದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಲಪ್ರಭೆ ಮೈದುಂಬಿದರೆ ಎಷ್ಟು ಊರುಗಳ ದಾರಿ ಮುಚ್ಚುತ್ತದೆಂದು ನಮಗೆ ಗೊತ್ತಿಲ್ಲವೆ? ನಮ್ಮ ಮನೆಯಲ್ಲಿ ಏನಿದೆ? ಬೆಳಿಗ್ಗೆ ಹೆಂಡತಿ ಗಿರಿಜಾಳನ್ನು ಕೇಳಿದೆ. ಖಡಕ್ ರೊಟ್ಟಿ ಐತಲ್ರಿ, ತಿಂಗಳಾದ್ರೂ ಏನೂ ಆಗೂದಿಲ್ಲ ಎಂದಳು.

ಅಲ್ಲಿಂದಲೇ ನನ್ನ ಯೋಜನೆ ಶುರುವಾಯಿತು. ನೂರು ಜೋಳದ ರೊಟ್ಟಿ, ಜೊತೆಗೆ ನಂಜಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬಾಯಿ ಸಿಹಿಗೆ ಅಮೀನಗಡದ ಕರದಂಟು. ಕರದಂಟು ಮೂರೇ ದಿನಕ್ಕೆ ಮುಗಿಯಿತು. ಯಾರು ತಿಂದರೆಂಬ ವಿಚಾರಣೆಯನ್ನು ನಾನೇ ಕೈಬಿಟ್ಟೆ. ರೊಟ್ಟಿಗಳನ್ನು ಮಾತ್ರ ಹತ್ತತ್ತರಂತೆ ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, ದೊಡ್ಡ ಡಬ್ಬಿಯಲ್ಲಿ ಅಟ್ಟಕ್ಕೇರಿಸಿದೆ.

ಹೊರಗೂ ಪರೀಕ್ಷೆಯಾಗಲೆಂದು ಒಂದು ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಬಾದಾಮಿಯ ಗುಡ್ಡ ಹತ್ತಿದೆ. ಅರ್ಧ ದಾರಿಯಲ್ಲಿ ಮಂಗ ಚೀಲ ಕಸಿದುಕೊಂಡಿತು. ರೊಟ್ಟಿಯೊಂದನ್ನು ಕಚ್ಚಿ, ನನ್ನ ಮುಖ ನೋಡಿ, ಬಂಡೆಯ ಮೇಲೆ ಅದನ್ನು ಜೋಪಾನವಾಗಿ ಇಟ್ಟು ಹೋಯಿತು. ಬಾಳಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವೆಂದುಕೊಂಡು ಇಳಿದುಬಂದೆ.

ತೊಂದರೆ ನನ್ನ ನಿಯಮದಿಂದ ಬಂತು. ಡಬ್ಬಿ ಯಾವಾಗಲೂ ತುಂಬಿರಬೇಕು, ಹಳೆಯದು ಮೊದಲು ತೀರಬೇಕು. ಹಾಗಾಗಿ ಗಿರಿಜಾ ದಿನವೂ ಬಡಿದ ಹತ್ತು ಬಿಸಿ ರೊಟ್ಟಿ ಒಲೆಯ ಬದಿಗೆ ಒರಗಿ ಒಣಗಿ ಅಟ್ಟ ಸೇರುತ್ತಿದ್ದವು. ತಾಟಿಗೆ ಬರುವುದು ಹತ್ತು ದಿನ ಹಿಂದಿನ ರೊಟ್ಟಿ. ಬಿಸಿ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ ಎಂದರೆ ಪ್ರಾಣ ಬಿಡುವ ನಾನು ಆ ವಾಸನೆ ಕುಡಿಯುತ್ತ ಖಡಕ್ ರೊಟ್ಟಿ ಕಟಕಟ ಕಡಿಯುತ್ತಿದ್ದೆ. ಗಿರಿಜಾ ಮಾತ್ರ ಒಲೆಯ ಮುಂದೆಯೇ ಒಂದೆರಡು ಬಿಸಿಬಿಸಿ ಮುರಿದು ತಿನ್ನುತ್ತಿದ್ದಳು. ದಾಸ್ತಾನಿಗೆ ಬರುವ ಮೊದಲಿನ ಮಾಲಿನ ಮೇಲೆ ನನಗೆ ಅಧಿಕಾರವಿರಲಿಲ್ಲ.

"ಹಿಂಗಾದ್ರ ನೀವು ಬಿಸಿ ರೊಟ್ಟಿ ಉಣ್ಣೂದು ಯಾವಾಗ್ರಿ?" ಎಂದು ಒಂದು ದಿನ ಕೇಳಿದಳು.

"ಹೊಳಿ ಬಂದು ಹೋದಮ್ಯಾಲ," ಎಂದೆ. ದವಡೆ ನೋಯುತ್ತಿತ್ತು. ಆದರೆ ನಾನೇ ಮಾಡಿದ ನಿಯಮವನ್ನು ನಾನೇ ಮುರಿದರೆ ಮನೆಯಲ್ಲಿ ನನ್ನ ಮಾತಿಗೆ ಏನು ಬೆಲೆ?

ಆ ಮಳೆಗಾಲದಲ್ಲಿ ಹೊಳೆ ನಿಜವಾಗಿಯೂ ಬಂತು. ಕೂಡಲಸಂಗಮದ ಕಡೆ ಹೊಳೆದಂಡೆಯ ಊರಲ್ಲಿರುವ ಗಿರಿಜಾಳ ಅಣ್ಣ ಸಂಗಪ್ಪನ ಮನೆಯಂಗಳಕ್ಕೆ ನೀರು ನುಗ್ಗಿ, ಅವರು ಐದು ಜನ ಗಂಟುಮೂಟೆ ಸಮೇತ ನಮ್ಮಲ್ಲಿಗೆ ಬಂದರು. ಅವರಿಗೆ ಬಂದ ಕಷ್ಟಕ್ಕೆ ಮರುಗಿದೆ, ಖರೆ. ಆದರೂ ಅಟ್ಟ ಹತ್ತುವಾಗ ನನ್ನ ಎದೆ ಉಬ್ಬಿತ್ತೆಂದು ಒಪ್ಪಿಕೊಳ್ಳುತ್ತೇನೆ. ಡಬ್ಬಿ ಇಳಿಸಿ ನಡುಮನೆಯಲ್ಲಿಟ್ಟೆ.

"ಮನಿ ಬಿಟ್ಟು ಬಂದವರಿಗೆ ಹಳೇ ರೊಟ್ಟಿ ಹಾಕೂದೇನ್ರಿ? ಸುಮ್ನ ಕುಂದರ್ರಿ," ಎಂದು ಗಿರಿಜಾ ಹಿಟ್ಟು ನಾದತೊಡಗಿದಳು. ಎಲ್ಲರಿಗೂ ಬಿಸಿ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ. ನಾನೂ ಆಸೆಯಿಂದ ತಾಟು ಚಾಚಿದೆ. ಡಬ್ಬಿಯಿಂದ ಪೊಟ್ಟಣ ತೆಗೆದು, ಅದರ ಮೇಲಿನ ತಾರೀಖು ಓದಿ, ನನಗೆ ಎರಡು ಖಡಕ್ ರೊಟ್ಟಿ ಬಡಿಸಿದಳು. ನಾಲ್ಕು ದಿನ ಹಾಗೇ ನಡೆಯಿತು.

ಐದನೆಯ ದಿನ ನೀರು ಇಳಿದು ಅವರು ಹೊರಟು ನಿಂತರು. ಮನೆ ತುಂಬ ರಾಡಿ ಇರುತ್ತದೆ, ಒಂದೆರಡು ದಿನ ಒಲೆ ಹೊತ್ತಿಸಲಿಕ್ಕೆ ಆಗುವುದಿಲ್ಲ ಎಂದು ಸಂಗಪ್ಪ ಪೇಚಾಡಿದ. ಗಿರಿಜಾ ನನ್ನ ಕಡೆ ನೋಡಿದಳು. ನಾನೇ ಉಳಿದ ರೊಟ್ಟಿಗಳನ್ನೆಲ್ಲ ಹಿಂಡಿಯ ಸಮೇತ ಅವರ ಚೀಲಕ್ಕೆ ತುಂಬಿಸಿಕೊಟ್ಟೆ. ಸಂಗಪ್ಪ ನನ್ನ ಕೈ ಹಿಡಿದುಕೊಂಡ. ಅಷ್ಟು ದಿನ ಕಡಿದದ್ದೆಲ್ಲ ಸಾರ್ಥಕವಾಯಿತೆನಿಸಿತು.

ಮರುದಿನ ನನ್ನ ತಾಟಿಗೆ ಉಬ್ಬಿದ ಬಿಸಿ ರೊಟ್ಟಿ ಬಂತು, ಮೇಲೆ ಬೆಣ್ಣೆ.

"ಹೊಳಿ ಬಂದು ಹೋತಲ್ರಿ, ಇನ್ನ ಉಣ್ರಿ," ಎಂದಳು ಗಿರಿಜಾ.

ಎರಡು ರೊಟ್ಟಿ ಹೇಗೆ ಒಳಗೆ ಹೋದವೋ ತಿಳಿಯಲಿಲ್ಲ. ಮೂರನೆಯದನ್ನು ಮುರಿಯಬೇಕೆನ್ನುವಾಗ ಖಾಲಿ ಡಬ್ಬಿ ಕಣ್ಣಿಗೆ ಬಿತ್ತು. ಮೆಲ್ಲಗೆ ಆ ರೊಟ್ಟಿಯನ್ನು ಗೋಡೆಗೆ ಒರಗಿಸಿ ಇಟ್ಟೆ. ಗಿರಿಜಾ ಒಳಗೆ ಹೋಗಿ, ತಾರೀಖು ಬರೆಯುವ ನನ್ನ ಪೆನ್ನು ತಂದು ತಾಟಿನ ಪಕ್ಕದಲ್ಲಿಟ್ಟಳು.