ಅತ್ತೆಯ ಪಾತ್ರಕ್ಕೆ ನನ್ನ ಸೀರೆ

ಮನೆಗೆ ಒಬ್ಬ ಅತ್ತೆ ಸಾಕು ಎಂಬುದರಲ್ಲಿ ಯಾವ ಸೊಸೆಗೂ ಎರಡು ಮಾತಿರಲಾರದು. ಆದರೆ ಎಪ್ಪತ್ತೆಂಟರ ಸುಗ್ಗಿ ಮುಗಿದ ಮೇಲೆ ಯಗಟಿಯ ನಮ್ಮ ಮನೆಯಲ್ಲಿ ನನಗೆ ಇಬ್ಬರಾದರು. ಒಬ್ಬರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಿಜವಾದ ಅತ್ತೆ. ಇನ್ನೊಬ್ಬರು ಮೀಸೆ ಬೋಳಿಸಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದ ನಮ್ಮ ಯಜಮಾನರು.

ಸುಗ್ಗಿಯಾದ ಮೇಲೆ ನಮ್ಮೂರ ಗಂಡಸರು ನಾಟಕ ಆಡದೆ ಇರಲಾರರು. ಅದೂ ಅವರ ಅಪ್ಪ, ತಾತಂದಿರು ಆಡಿದ್ದ ಅದೇ ಅತ್ತೆ-ಸೊಸೆ ನಾಟಕ. ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಬರಬೇಕು, ಕಥೆ ಅಷ್ಟೆ. ಅದಕ್ಕೆ ಮೂರು ಅಂಕ, ಲೆಕ್ಕವಿಲ್ಲದಷ್ಟು ಹಾಡು. (ನಮ್ಮ ಮನೆಯಲ್ಲಿ ಒಂದೂ ಹಾಡಿಲ್ಲದೆ ಆ ಕೆಲಸ ಆಗಿತ್ತು. ನಾನು ಬಂದ ಹೊಸದರಲ್ಲೇ ಅತ್ತೆ, "ತಗಳವ್ವ, ನಂಗ್ಯಾಕೆ ಈ ಭಾರ" ಎಂದು ಬೀಗದ ಕೈ ನನ್ನ ಕೈಗೆ ಹಾಕಿದ್ದರು.)

ಹೆಂಗಸರ ಪಾತ್ರವನ್ನೂ ಗಂಡಸರೇ ಮಾಡಬೇಕು. ಪ್ರತಿ ವರ್ಷ ಅತ್ತೆಯಾಗುತ್ತಿದ್ದ ದೊಡ್ಡಬೀರಪ್ಪನಿಗೆ ಮುಂದಿನ ಹಲ್ಲು ಬಿದ್ದು ಹಾಡೆಲ್ಲ ಗಾಳಿಯಾಗಿ ಹೋಗುತ್ತಿದ್ದುದರಿಂದ ಆ ಮಹಾಪದವಿ ನಮ್ಮವರಿಗೆ ಬಂತು. ಇವರದು ಹಿಟ್ಟಿನ ಗಿರಣಿ. ಹುಬ್ಬಿಗೆ ಬಿಳಿ ಬಣ್ಣದ ಖರ್ಚೇ ಇಲ್ಲ.

ಕಲಿತ ಮಾತು ಒಪ್ಪಿಸಲು ಯಾರಾದರೂ ಕೇಳುವವರು ಬೇಕಲ್ಲ? ಕೇಳುವುದರಲ್ಲಿ ನನಗೆ ಬೇಸರವೆಂಬುದಿಲ್ಲ. ಓಣಿಯ ಹೆಂಗಸರೆಲ್ಲ ಕಷ್ಟ ಹೇಳಿಕೊಳ್ಳಲು ನಮ್ಮ ಹಿತ್ತಲಿಗೇ ಬರುತ್ತಾರೆ. ಶಿವ ನನಗೆ ಬಾಯಿ ಚಿಕ್ಕದು, ಕಿವಿ ದೊಡ್ಡದು ಕೊಟ್ಟಿದ್ದಾನೆ ಎಂದು ನನಗೆ ಒಳಗೊಳಗೇ ಒಂದು ಸಮಾಧಾನವಿತ್ತು. ಸೌದೆ ಮುಂದೆ ತಳ್ಳಿ, "ಹೇಳಿ, ಕೇಳಿಸ್ಕೋತಾ ಇದೀನಿ" ಎಂದೆ.

ಇವರು ಎಡಗೈ ಸೊಂಟಕ್ಕಿಟ್ಟು, ಬಲಗೈಯಲ್ಲಿ ಒಂದು ಚಿಟಿಕೆ ನಶ್ಯ ಏರಿಸಿ, ಗಿರಣಿಯ ಸದ್ದಿನ ಮೇಲೆ ಕೂಗುವ ಗಂಟಲಿನಲ್ಲಿ ಗರ್ಜಿಸಿದರು: "ಏನೇ ಮೂದೇವಿ! ಮುದ್ದೆ ಕಟ್ಟಾಕೆ ಬರ್ದಿದ್ರೆ ನಿಮ್ಮವ್ವನ್ನ ಕರ್ಸು, ಕಲ್ಸಿಕೊಡ್ಲಿ!" ಕೊನೆಗೆ ಒಂದು ಸೀನು.

ನಾನು ಸೌದೆ ಬಿಟ್ಟು ಇವರ ಕಡೆ ತಿರುಗಿದೆ.

"ಏನ್ರೀ, ಇದು ನಮ್ಮತ್ತೆ ಅಲ್ವಾ?"

"ಇನ್ಯಾರನ್ನ ನೋಡಿ ಕಲೀಲಿ? ನಂಗಿರೋದು ಒಬ್ಳೇ ಅವ್ವ."

"ಅವರು ಮುಂದುಗಡೆ ಚಾಪೆ ಮೇಲೆ ಕೂತಿರ್ತಾರೆ, ನೆಪ್ಪಿರ್ಲಿ."

"ಕೂತ್ಕಳ್ಳಿ ಬಿಡೆ, ನಗ್ತಾಳೆ."

ಎಲ್ಲಿ ನಗುತ್ತಾರೆ! ಹಿಂದಿನ ವರ್ಷ ಇವರು ತಮಾಷೆಗೆ, "ಅವ್ವಂದು ಬಾಯಲ್ಲ, ನನ್ನ ಗಿರಣಿ" ಎಂದದ್ದಕ್ಕೆ ಗಂಟು ಕಟ್ಟಿಕೊಂಡು ಹಿರೇನಲ್ಲೂರಿನ ಮಗಳ ಮನೆಗೆ ಬಸ್ಸು ಹತ್ತಿದವರು ಗೌರಿಹಬ್ಬದವರೆಗೂ ಬಂದಿರಲಿಲ್ಲ. ಈಗ ಊರೆಲ್ಲ ಸೇರಿ ನಕ್ಕರೆ ಇನ್ನು ಬರುವುದುಂಟೆ? ಅತ್ತೆ ಇಲ್ಲದ ಆ ಮನೆ ನನಗೆ ಬೇಡ. ಅಕ್ಷರ ಬಾರದೆ ಬಂದ ಸೊಸೆ ನಾನು. ಗಿರಣಿ ಇನ್ನೂ ಬರದ ಆ ದಿನಗಳಲ್ಲಿ ನೆರೆಮನೆಯ ಮಕ್ಕಳ ಪುಸ್ತಕ ತಂದು ನಾನು ಒಬ್ಬಳೇ ತಡವರಿಸುತ್ತಿದ್ದರೆ ಅತ್ತೆ ರಾಗಿ ಬೀಸಲು ತಾವೇ ಕೂರುತ್ತಿದ್ದರು. "ಓದ್ಕಳೇ ಮೂದೇವಿ, ಕಲ್ಲು ನಾನು ತಿರುಗಿಸ್ತೀನಿ" ಎನ್ನುತ್ತಿದ್ದರು. ಅವರ ಬೈಗುಳದಲ್ಲೇ ನಾನು ವಚನಗಳನ್ನು ಓದುವಷ್ಟಾದದ್ದು.

ವೀರಭದ್ರಸ್ವಾಮಿಗೆ ಕಾಯಿ ಹರಸಿಕೊಂಡು ನಾನೇ ಸೊಂಟ ಕಟ್ಟಿದೆ. ರಂಗದ ಅತ್ತೆಯಿಂದ ನಮ್ಮತ್ತೆಯನ್ನು ಹನಿಹನಿಯಾಗಿ ಸೋಸಿ ತೆಗೆಯುವುದು!

"ನಶ್ಯ ಬೇಡ. ಕೈಲಿ ಈ ರುದ್ರಾಕ್ಷಿ ಸರ ಇರ್ಲಿ."

"ಸೀನೋದು?"

"ಸೀನೋದೂ ಬೇಡ. ಕೂಗಬೇಡಿ, ಮೆಲ್ಲಗೆ ಮಾತಾಡಿ. ಮೂದೇವಿ ಅನ್ಬೇಡಿ."

"ಮತ್ತೆ ಸೊಸೆ ಎದುರು ಮಾತಾಡಿದ್ರೆ ಏನೇ ಮಾಡ್ಲಿ?"

"ಸುಮ್ನೆ ಪೂರ್ತಿ ಕೇಳಿಸ್ಕೊಳ್ಳಿ. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, 'ಎಲ್ಲಾ ಶಿವ ನೋಡ್ಕೋತಾನೆ' ಅನ್ನಿ."

"ಹೆಂಗೆ ಕೂತ್ಕಬೇಕು?"

"ಹಿಂಗೆ" ಎಂದು ಕುಳಿತು ತೋರಿಸಿದೆ. ಸೆರಗು ಸರಿಮಾಡುವುದನ್ನೂ, ಅರೆಗಣ್ಣು ಮುಚ್ಚುವುದನ್ನೂ ತೋರಿಸಿದೆ. ಅತ್ತೆಯ ಹಸಿರು ಚೌಕುಳಿ ಸೀರೆ ಒಯ್ಯಲು ಹೊರಟವರನ್ನು ತಡೆದು ನನ್ನ ನೇರಳೆ ಸೀರೆ ಕೊಟ್ಟೆ. ಬೀಗದ ಕೈಯನ್ನೂ ನನ್ನ ಸೊಂಟದಿಂದಲೇ ಬಿಚ್ಚಿ ಕೊಟ್ಟೆ.

ನಾಟಕದ ಮೇಷ್ಟ್ರು ಈರಭದ್ರಪ್ಪ ಮೊದಲು ಕಿಡಿಕಿಡಿಯಾದರಂತೆ. ಇವರು ಹೊಸ ಅತ್ತೆಯನ್ನು ಮಾಡಿ ತೋರಿಸಿದಾಗ ಹಾರ್ಮೋನಿಯಂ ಮೇಲೆ ಬಿದ್ದು ನಕ್ಕು, "ಇದೇ ಇರ್ಲಿ ಕಣ್ರೀ, ಒಂದಕ್ಷರ ಬದಲಾಯಿಸ್ಬೇಡಿ" ಎಂದರಂತೆ. ಸಾತ್ವಿಕತೆಗೆ ಎಂದಿದ್ದರೂ ಜಯವಿದೆ ಎಂದುಕೊಂಡು ನಾನು ದೇವರಿಗೆ ಇನ್ನೊಂದು ದೀಪ ಹಚ್ಚಿದೆ.

ನಾಟಕದ ದಿನ ಅತ್ತೆಯ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತೆ. ಪರದೆ ಎದ್ದಿತು. ನಮ್ಮವರು ನನ್ನ ಸೀರೆಯಲ್ಲಿ ಮೆಲ್ಲಗೆ ಬಂದು, ಸೆರಗು ಸರಿಮಾಡಿ, ಅರೆಗಣ್ಣು ಮುಚ್ಚಿ, "ಹೇಳಮ್ಮ, ಕೇಳಿಸ್ಕೋತಾ ಇದೀನಿ" ಎಂದರು. ಅಷ್ಟಕ್ಕೇ ಹೆಂಗಸರ ಕಡೆಯಿಂದ ಕಿಸಕ್ಕೆಂಬ ನಗು. ಸೊಸೆಯಾಗಿದ್ದ ಟೈಲರ್ ಚಿಕ್ಕಬೀರಪ್ಪ ತನ್ನ ಕಷ್ಟವನ್ನೆಲ್ಲ ಹಾಡಿ, ಅತ್ತು, ನೆಲಕ್ಕೆ ಬಿದ್ದು ಹೊರಳಾಡಿದ. ಇವರು ಮಣಿ ಎಣಿಸುತ್ತ ಪೂರ್ತಿ ಕೇಳಿದರು. ನಿಟ್ಟುಸಿರು ಬಿಟ್ಟರು.

"ಎಲ್ಲಾ ಶಿವ ನೋಡ್ಕೋತಾನೆ ಕಣಮ್ಮ. ಬೀಗದ ಕೈ ಮಾತ್ರ ನಾನು ನೋಡ್ಕೋತೀನಿ."

ಜನರ ನಗುವಿಗೆ ಬಯಲೇ ಹಾರಿಹೋಯಿತು! ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಅಬ್ಬಾ, ಗುರುತು ಸಿಕ್ಕಿಲ್ಲ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ನನಗೂ ನಗು ತಡೆಯಲಾಗಲಿಲ್ಲ. ಎಂಥ ಹೆಂಗಸಪ್ಪ ಇವಳು! ಒಂದು ಗಟ್ಟಿ ಮಾತಿಲ್ಲದೆ ಮನೆಯನ್ನೆಲ್ಲ ಕೈಯಲ್ಲಿ ಹಿಡಿದಿದ್ದಾಳಲ್ಲ! ಎಲ್ಲೋ ನೋಡಿದ್ದೇನೆ, ಎಲ್ಲಿ?

ಹಿಂದಿನಿಂದ ನೆರೆಮನೆಯ ದುರ್ಗಮ್ಮ ನನ್ನ ಬೆನ್ನು ತಟ್ಟಿದಳು. "ಅಯ್ಯೋ ಸಾವಿತ್ರಕ್ಕ, ಥೇಟ್ ನೀನೇ ಕಣೇ! ಆ ನಿಟ್ಟುಸಿರು ಕೇಳಿದ್ರೆ ನಂಗೆ ಈಗ್ಲೂ ಎದ್ದು ಮನೆಗೆ ಹೋಗ್ಬಿಡೋಣ ಅನ್ನುಸ್ತದೆ!"

ತಿರುಗಿ ನೋಡಿದೆ. ರಂಗದ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮೆಚ್ಚಿದವರು ಆಟದ ನಡುವೆಯೇ ರಂಗಕ್ಕೆ ಹೋಗಿ ಉಡುಗೊರೆ ಕೊಡುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಕಾಯಿ, ಕುಪ್ಪಸದ ಕಣ ಹಿಡಿದು ಎದ್ದೇ ಬಿಟ್ಟರು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಮೈಕು ಹಿಡಿದರು. ಅತ್ತೆ ಅದಕ್ಕೊಂದು ಸೀನು ಸೀನಿ ಹೇಳಿದರು:

"ಪಾರ್ಟು ಮಾಡಿದೋನು ನನ್ನ ಮಗ. ಆದ್ರೆ ಈ ಕಣ ನನ್ನ ಸೊಸೇಗೆ. ಇಷ್ಟು ವರ್ಷ ಇವಳ ಕೈಕೆಳಗೆ ನಾನು ಒಂದಿನಾನೂ ಹಸ್ಕೊಂಡು ಮಲಗಿಲ್ಲ, ಒಂದು ಕೆಟ್ಟ ಮಾತು ಕೇಳಿಲ್ಲ. ಇಂಥ ಅತ್ತೆ ಎಲ್ರಿಗೂ ಸಿಗ್ಲಿ!"

ಚಪ್ಪಾಳೆ ಮುಗಿಯುವ ಹೊತ್ತಿಗೆ ನಾನು ಚಾಪೆಯ ಕೆಳಗೆ ಹೋಗಲು ಜಾಗ ಹುಡುಕುತ್ತಿದ್ದೆ.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ, ತಲೆ ತಗ್ಗಿಸಿಕೊಂಡು ಜಗಲಿಗೆ ಹೋಗಿ ಬೀಗದ ಕೈಯನ್ನು ಅತ್ತೆಯ ಮುಂದಿಟ್ಟೆ. "ಇನ್ಮೇಲೆ ನೀವೇ ಇಟ್ಕೊಳ್ಳಿ ಅತ್ತೆ."

ಅವರು ಅದನ್ನು ಎತ್ತಿ ಒಮ್ಮೆ ಕುಲುಕಿ ನೋಡಿದರು. ನಶ್ಯ ಏರಿಸಿದರು. ಆಮೇಲೆ ನನ್ನನ್ನು ಹತ್ತಿರಕ್ಕೆಳೆದು ತಮ್ಮ ಕೈಯಿಂದಲೇ ನನ್ನ ಸೊಂಟಕ್ಕೆ ಸಿಕ್ಕಿಸಿದರು.

"ಬ್ಯಾಡ ಕಣೇ ಮೂದೇವಿ. ಸೊಸೆಯಾಗಿ ಆರಾಮಾಗಿದೀನಿ. ಈ ವಯಸ್ನಲ್ಲಿ ಮತ್ತೆ ಅತ್ತೆಯಾಗೋಕೆ ನನ್ನ ಕೈಲಾಗಲ್ಲ."