ಸನಾಳಿಗೆ ಪಾರ್ಟು ಸಿಕ್ಕಿದ ಬಗೆ

ನನಗೆ ಅರ್ಥವಾಗದ ವಿಷಯಗಳು ಬಹಳ. ಎಲ್ಲ ಗೊತ್ತಿರುವವನ ಹಾಗೆ ಮುಖ ಮಾಡಿಕೊಂಡೇ ಇಷ್ಟು ವರ್ಷ ಸಂಸಾರವನ್ನೂ ನೌಕರಿಯನ್ನೂ ತೂಗಿಸಿಕೊಂಡು ಬಂದಿದ್ದೇನೆ. ಆದರೆ ಕಾಲೇಜಿನ ನಾಟಕಕ್ಕೆ ಹುಡುಗರನ್ನು ಹೇಗೆ ಆರಿಸುತ್ತಾರೆ ಎಂಬುದರ ಮುಂದೆ ಮಾತ್ರ ನನ್ನ ಬೇಳೆ ಬೇಯಲಿಲ್ಲ. ದೆಹಲಿಯ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಮೇಷ್ಟ್ರು. ಒಮ್ಮೆ ಸ್ಟಾಫ್ ಮೀಟಿಂಗಿಗೆ ಚಕ್ಕರ್ ಹೊಡೆದೆ. ಮರುದಿನ ಬಂದು ನೋಡಿದರೆ ನಾಟಕ ಸಂಘದ ಸಲಹೆಗಾರನಾಗಿದ್ದೆ. ಸಲಹೆ ಎಂದರೆ ಸಭಾಂಗಣದ ಬೀಗದ ಕೈ ತಂದುಕೊಡುವುದು. ಉಳಿದದ್ದೆಲ್ಲ ಸೀನಿಯರ್ ಹುಡುಗರ ರಾಜ್ಯ.

ಇದು ಪೀತಮ್‌ಪುರದ ಮುಮ್ತಾಜ್ ಅವರಿಗೆ ಗೊತ್ತಿರಲಿಲ್ಲ. ಮೂಲ ದಾವಣಗೆರೆಯವರು, ದೆಹಲಿಯ ಕನ್ನಡ ಸಂಘದಲ್ಲಿ ಪರಿಚಯ. ಮಗಳು ಸನಾ ನಮ್ಮ ಕಾಲೇಜಿನಲ್ಲೇ ಮೊದಲ ವರ್ಷ. ಆಡಿಷನ್ನಿನ ಹಿಂದಿನ ಸಂಜೆ ಫೋನ್ ಮಾಡಿದರು. "ಸರ್, ನೀವೇ ಇನ್‌ಚಾರ್ಜ್ ಅಂತೆ. ಡ್ಯಾನ್ಸ್ ಸೊಸೈಟಿಯವರು ಬೇಡ ಅಂದಾಗ ಇವಳು ವಾರವೆಲ್ಲ ಅತ್ತಿದ್ದಾಳೆ. ಈಗ ನಾಟಕ ನಾಟಕ ಅಂತ ಊಟಾನೂ ಸರಿಯಾಗಿ ಮಾಡ್ತಿಲ್ಲ. ಸಣ್ಣ ಪಾರ್ಟ್ ಆದ್ರೂ ಸಾಕು, ಸ್ವಲ್ಪ ನೋಡ್ಕೊಳ್ಳಿ." ನನ್ನ ಹತ್ತಿರ ಇರುವುದು ಬೀಗದ ಕೈ ಮಾತ್ರ ಎಂದು ಹೇಳಲು ಮರ್ಯಾದೆ ಅಡ್ಡ ಬಂತು. "ನಾನಿದ್ದೀನಲ್ಲ" ಎಂದುಬಿಟ್ಟೆ.

ಮರುದಿನ ಮೊದಲ ಸಾಲಿನಲ್ಲಿ ಕೂತೆ. ಸಂಘದ ಅಧ್ಯಕ್ಷ ರೋಹಿತ್, ಮೂರನೇ ವರ್ಷದವನು, "ಸರ್, ಆಪ್ ಆರಾಮ್ ಸೇ ಬೈಠಿಯೇ" ಎಂದು ನನ್ನನ್ನು ಕುರ್ಚಿಗೆ ಕಟ್ಟಿಹಾಕಿದ. ಒಬ್ಬ ಹುಡುಗ ಉದ್ದದ ಸಂಭಾಷಣೆಯನ್ನು ಎಲ್ಲೂ ತಡವರಿಸದೆ ಹೇಳಿ ಕಣ್ಣಲ್ಲಿ ನೀರೂ ತರಿಸಿಕೊಂಡ, ಬೇಡವೆಂದರು. ಇನ್ನೊಬ್ಬನಿಗೆ ಬಸ್ಸಿನ ಬಾಗಿಲಾಗು ಎಂದರು. ಅವನು ಒಂದು ಕಡೆ ವಾಲಿಕೊಂಡು ಸುಮ್ಮನೆ ನಿಂತ, ತಗೊಂಡರು. ನಮ್ಮ ಲ್ಯಾಬಿನಲ್ಲಿ ಎರಡು ದ್ರಾವಣ ಬೆರೆಸಿದರೆ ನಿನ್ನೆ ಬಂದ ಬಣ್ಣವೇ ಇವತ್ತೂ ಬರುತ್ತದೆ. ಇಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರೂ ಕಾರಣ ಕಾಣಲಿಲ್ಲ. ಪಕ್ಕದ ಹುಡುಗಿಯ ಕಡೆ ಬಾಗಿ ಯಾಕೆಂದು ಕೇಳಿದೆ. "ಸರ್, ಉಸ್ ಮೇಂ ಕುಛ್ ಥಾ" ಎಂದಳು. ಅವನಲ್ಲಿದ್ದ ಆ 'ಏನೋ' ಏನೆಂದು ಕೇಳಲು ನಾಚಿಕೆಯಾಗಿ, ಅರ್ಥವಾದವನಂತೆ ತಲೆಯಾಡಿಸಿದೆ.

ಸನಾ ಬಂದಳು. ಬಾಯಿಪಾಠ ಮಾಡಿದ್ದು ಎರಡೇ ಸಾಲಿಗೆ ಮರೆತುಹೋಯಿತು. ಮುಮ್ತಾಜ್ ಅವರಿಗೆ ಏನು ಹೇಳಲಿ? ಅಧಿಕಾರ ಚಲಾಯಿಸೋಣವೆಂದು ಎದ್ದೆ. ಯಾವ ಅಧಿಕಾರ ಎಂದು ಹೊಳೆಯದೆ ಮತ್ತೆ ಕೂತೆ. ಅಷ್ಟರಲ್ಲಿ ರೋಹಿತ್, ಡೈಲಾಗ್ ಬಿಡು, ಬೆಳಗಿನಿಂದ ಇಲ್ಲಿ ಕೂತಿದ್ದೀಯಲ್ಲ, ಕಂಡವರಲ್ಲಿ ಯಾರನ್ನಾದರೂ ಮಾಡಿ ತೋರಿಸು ಎಂದ.

ಅವಳು ಕುರ್ಚಿ ಎಳೆದು ಕೂತಳು. ಇಲ್ಲದ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದಳು. ಗಡಿಯಾರ ನೋಡಿದಳು. ಎದ್ದಳು, ಯಾಕೆ ಎದ್ದದ್ದೆಂದು ತಿಳಿಯದೆ ಕೂತಳು. ಪಕ್ಕಕ್ಕೆ ಬಾಗಿ ಏನೋ ಕೇಳಿ, ಅರ್ಥವಾದವಳಂತೆ ತಲೆಯಾಡಿಸಿದಳು. ಹುಡುಗರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಯಾವುದೋ ಸರ್ಕಾರಿ ಕಚೇರಿಯಲ್ಲಿ ಕೆಲಸವಾಗದೆ ಕೂತವನನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಹುಡುಗರು ಅವಳನ್ನು ಬಿಟ್ಟು ನನ್ನ ಕಡೆ ಯಾಕೆ ನೋಡುತ್ತಿದ್ದರೋ ತಿಳಿಯಲಿಲ್ಲ. ಅಂತೂ ಸನಾಳನ್ನು ತಗೊಂಡರು.

ಲೋಧಿ ಕಾಲೋನಿಯ ಮನೆಗೆ ಬಂದವನೇ, ಸನಾ ಮಾಡಿದ್ದನ್ನು ತೋರಿಸ್ತೀನಿ ಬಾ ಎಂದು ಹೆಂಡತಿಯನ್ನು ಕೂರಿಸಿದೆ. ಕನ್ನಡಕ, ಗಡಿಯಾರ, ಏಳುವುದು, ಕೂರುವುದು, ಒಂದನ್ನೂ ಬಿಡಲಿಲ್ಲ. ಅವಳು ಸೊಪ್ಪು ಬಿಡಿಸುತ್ತಾ ನೋಡಿದಳು. "ಏನೋ ಮಾಡಿ ತೋರಿಸ್ತೀನಿ ಅಂದ್ರಲ್ಲ, ಶುರು ಮಾಡಿ" ಎಂದಳು.

"ಮುಗಿಯಿತಲ್ಲ" ಎಂದೆ. ಹುಡುಗರು ಯಾಕೆ ನನ್ನ ಕಡೆ ನೋಡಿದರೆಂದು ಆಗ ಹೊಳೆಯಿತು. ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮುಮ್ತಾಜ್ ಅವರ ಫೋನ್. "ಸರ್, ಸನಾ ಎಲ್ಲಾ ಹೇಳಿದ್ಲು. ನೀವು ಅಲ್ಲಿ ಇಲ್ಲದೇ ಇದ್ದಿದ್ರೆ ಈ ಪಾರ್ಟ್ ಸಿಗ್ತಾನೇ ಇರಲಿಲ್ಲವಂತೆ." ಎಲ್ಲಾ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ. ರಿಸೀವರನ್ನು ಭುಜಕ್ಕೆ ಆನಿಸಿಕೊಂಡು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ, ಅರ್ಥವಾದವನಂತೆ ತಲೆಯಾಡಿಸಿದೆ.